ಪ್ರೋಟೀನಿಗೆ ದಾರಿ ತೋರುವ ಪುಟ್ಟ ಸುರುಳಿ

ಜೀವಕೋಶಕ್ಕೆ ಬೇಕಾದ ಶಕ್ತಿಯ ಬಹುಪಾಲು ತಯಾರಾಗುವುದು ಮೈಟೊಕಾಂಡ್ರಿಯದಲ್ಲಿ. ಅದಕ್ಕೆ ತನ್ನದೇ ಡಿಎನ್‌ಎ ಇದೆ. ಆದರೆ ಮನುಷ್ಯರಲ್ಲಿ ಆ ಡಿಎನ್‌ಎ ನೆರವಿನಿಂದ ತಯಾರಾಗುವ ಪ್ರೋಟೀನುಗಳು 13 ಮಾತ್ರ. ಅಲ್ಲಿ ದುಡಿಯುವ ಉಳಿದ ಸಾವಿರಕ್ಕೂ ಹೆಚ್ಚು ಬಗೆಯ ಪ್ರೋಟೀನುಗಳು ಹೊರಗಿನ ಕೋಶರಸದಲ್ಲಿ ತಯಾರಾಗುತ್ತವೆ. ಅವುಗಳಲ್ಲಿ ಹೆಚ್ಚಿನವು ಹೊರಪೊರೆ, ಒಳಪೊರೆ ಎರಡನ್ನೂ ದಾಟಿ ತಮ್ಮ ಜಾಗ ಸೇರಬೇಕು. ಅದೇ ಕೋಶರಸದಲ್ಲಿ ಬೇರೆಡೆಗೆ ಸೇರಬೇಕಾದ ಸಾವಿರಾರು ಪ್ರೋಟೀನುಗಳೂ ಇರುತ್ತವೆ. ಹಾಗಾದರೆ ಮೈಟೊಕಾಂಡ್ರಿಯದ ಬಾಗಿಲು ಯಾರನ್ನು ಒಳಗೆ ಬಿಡಬೇಕೆಂದು ಹೇಗೆ ಅರಿಯುತ್ತದೆ?

ತಲೆಯಲ್ಲೇ ಇರುವ ಗುರುತು

ಪ್ರೋಟೀನು ತಾನು ಸೇರಬೇಕಾದ ಜಾಗದ ಗುರುತನ್ನು ತನ್ನಲ್ಲೇ ಹೊತ್ತಿರುತ್ತದೆ. ಇದನ್ನು ತೋರಿಸಿಕೊಟ್ಟ ಗುಂಟರ್ ಬ್ಲೊಬೆಲ್ ಅವರಿಗೆ 1999ರಲ್ಲಿ ವೈದ್ಯಕೀಯ ನೊಬೆಲ್ ಬಂತು. ಮೈಟೊಕಾಂಡ್ರಿಯಕ್ಕೆ ಹೋಗುವ ಪ್ರೋಟೀನುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಿಗೆ ಈ ಗುರುತು ಸರಪಳಿಯ ಮೊದಲ ತುದಿಯಲ್ಲಿರುತ್ತದೆ. ಸಾಮಾನ್ಯವಾಗಿ 15ರಿಂದ 50 ಅಮೈನೊ ಆಮ್ಲಗಳಷ್ಟು ಉದ್ದದ ಈ ತುಣುಕೇ ಸಂಕೇತ ಪೆಪ್ಟೈಡ್.

ಈ ತುಣುಕೊಂದೇ ಸಾಕು ಎಂಬುದು 1984ರಲ್ಲಿ ಗಾಟ್‌ಫ್ರೀಡ್ ಶಾಟ್ಸ್ ಅವರ ತಂಡ ನಡೆಸಿದ ಪ್ರಯೋಗದಿಂದ ಖಚಿತವಾಯಿತು. ಕೋಶರಸದಲ್ಲೇ ಉಳಿಯುವ ಇಲಿಯ ಕಿಣ್ವವೊಂದರ ತಲೆಗೆ ಯೀಸ್ಟಿನ ಮೈಟೊಕಾಂಡ್ರಿಯ ಪ್ರೋಟೀನೊಂದರ ಸಂಕೇತ ಪೆಪ್ಟೈಡನ್ನು ಜೋಡಿಸಿದಾಗ, ಆ ಕಿಣ್ವ ನೇರ ಮೈಟೊಕಾಂಡ್ರಿಯದ ಒಳಗೆ ಸೇರಿತು.

ಅಕ್ಷರಕ್ಕಿಂತ ಆಕಾರ ಮುಖ್ಯ

ಬೇರೆ ಬೇರೆ ಪ್ರೋಟೀನುಗಳ ಸಂಕೇತ ಪೆಪ್ಟೈಡುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಅಮೈನೊ ಆಮ್ಲಗಳ ಸಾಲು ಒಂದರಂತೆ ಇನ್ನೊಂದಿರುವುದಿಲ್ಲ. ಅವು ತಾಳುವ ರೂಪ ಮಾತ್ರ ಒಂದೇ: ಆಲ್ಫಾ ಸುರುಳಿ. ಈ ಸುರುಳಿಯ ಒಂದು ಸುತ್ತಿಗೆ 3.6 ಅಮೈನೊ ಆಮ್ಲಗಳು ಬೇಕು. ಆದ್ದರಿಂದ ಸಾಲಿನಲ್ಲಿ ಮೂರು ಅಥವಾ ನಾಲ್ಕು ಸ್ಥಾನಗಳ ಅಂತರದಲ್ಲಿ ಬರುವ ಆಮ್ಲಗಳು ಸುರುಳಿಯ ಒಂದೇ ಮಗ್ಗುಲಿಗೆ ಬೀಳುತ್ತವೆ. ಒಂದು ಮಗ್ಗುಲಲ್ಲಿ ಲ್ಯೂಸಿನ್‌ನಂಥ, ನೀರನ್ನು ಒಲ್ಲದ ಆಮ್ಲಗಳು ಸೇರುತ್ತವೆ. ಎದುರು ಮಗ್ಗುಲಲ್ಲಿ ಧನ ವಿದ್ಯುದಾವೇಶವಿರುವ ಆರ್ಜಿನೈನ್ ಮತ್ತು ಲೈಸಿನ್ ಇರುತ್ತವೆ. ಋಣಾವೇಶದ ಆಮ್ಲಗಳು ತೀರ ಅಪರೂಪ. ಈ ಎರಡು ಮುಖದ ರಚನೆಯನ್ನು 1986ರಲ್ಲಿ ಗುನ್ನಾರ್ ಫಾನ್ ಹೈನೆ ಸ್ಪಷ್ಟವಾಗಿ ಗುರುತಿಸಿದರು.

ಒಳಗೆ ಹೋಗುವ ಹಂತಗಳು

1. ಹೊರಪೊರೆಯಲ್ಲಿ ಟಾಮ್ ಎಂಬ ಪ್ರೋಟೀನುಗಳ ಕೂಟವಿದೆ. ಅದರ ಟಾಮ್20 ಎಂಬ ಗ್ರಾಹಕದಲ್ಲಿ ಜಿಡ್ಡಿನ ಗುಣದ ಒಂದು ತೋಡು ಇದೆ. ಸುರುಳಿಯ ನೀರೊಲ್ಲದ ಮಗ್ಗುಲು ಅಲ್ಲಿ ಕೂರುತ್ತದೆ. ಪಕ್ಕದ ಟಾಮ್22ರಲ್ಲಿ ಋಣಾವೇಶ ಹೆಚ್ಚು. ಅದು ಧನಾವೇಶದ ಮಗ್ಗುಲನ್ನು ಸೆಳೆಯುತ್ತದೆ.

2. ಅಲ್ಲಿಂದ ಟಾಮ್40 ಎಂಬ ರಂಧ್ರದೊಳಕ್ಕೆ ಪ್ರವೇಶ. ಸೂಜಿಯ ಕಣ್ಣಿಗೆ ದಾರ ಪೋಣಿಸುವಂತೆ, ಇಲ್ಲಿ ಪ್ರೋಟೀನು ಮಡಿಕೆ ಬಿಚ್ಚಿಕೊಂಡೇ ದಾಟಬೇಕು. ಮೇಲೆ ಹೇಳಿದ ಇಲಿಯ ಕಿಣ್ವಕ್ಕೆ ಮೆಥೊಟ್ರೆಕ್ಸೇಟ್ ಔಷಧ ಅಂಟಿಸಿ, ಮಡಿಕೆ ಬಿಚ್ಚದಂತೆ ಮಾಡಿದಾಗ ಅದು ಒಳಗೆ ಹೋಗಲಿಲ್ಲ.

3. ಒಳಪೊರೆಯಲ್ಲಿ ಟಿಮ್23 ಕೂಟ ಅದನ್ನು ಬರಮಾಡಿಕೊಳ್ಳುತ್ತದೆ. ಈ ಪೊರೆಯ ಒಳಬದಿ ಹೊರಬದಿಗಿಂತ ಸುಮಾರು 150 ಮಿಲಿವೋಲ್ಟಿನಷ್ಟು ಋಣಾತ್ಮಕವಾಗಿರುತ್ತದೆ. ಹಾಗಾಗಿ ಧನಾವೇಶದ ಸುರುಳಿಯನ್ನು ವಿದ್ಯುತ್ತೇ ಒಳಕ್ಕೆಳೆಯುತ್ತದೆ.

4. ತಲೆ ಒಳಗೆ ಬಂದ ಮೇಲೆ ಉಳಿದ ಸರಪಳಿಯನ್ನು ಎಚ್‌ಎಸ್‌ಪಿ70 ಎಂಬ ಪ್ರೋಟೀನು ಶಕ್ತಿ ಕೊಡುವ ಎಟಿಪಿ ಅಣುಗಳನ್ನು ಖರ್ಚು ಮಾಡಿ ಎಳೆದುಕೊಳ್ಳುತ್ತದೆ. ಸಂಕೇತ ಪೆಪ್ಟೈಡಿನ ಕೆಲಸ ಅಲ್ಲಿಗೆ ಮುಗಿಯಿತು. ಎಂಪಿಪಿ ಎಂಬ ಕಿಣ್ವ ಅದನ್ನು ಕತ್ತರಿಸುತ್ತದೆ. ಅನೇಕ ವೇಳೆ ಕತ್ತರಿಸುವ ಜಾಗಕ್ಕೆ ಎರಡು ಸ್ಥಾನ ಮೊದಲೇ ಒಂದು ಆರ್ಜಿನೈನ್ ಇರುತ್ತದೆ. ಬಳಿಕ ಪ್ರೋಟೀನು ಮಡಿಚಿಕೊಂಡು ಕೆಲಸಕ್ಕೆ ಸಿದ್ಧವಾಗುತ್ತದೆ.

ಗ್ರಾಹಕ ಒಂದು ಮಗ್ಗುಲನ್ನು ಓದಿದರೆ ವಿದ್ಯುತ್ತು ಇನ್ನೊಂದನ್ನು ಓದುತ್ತದೆ. ಎರಡೂ ಮಗ್ಗುಲು ಸರಿಯಿದ್ದರೆ ಮಾತ್ರ ಪ್ರಯಾಣ ಪೂರ್ಣವಾಗುತ್ತದೆ. ಪದೇಪದೇ ಪರೀಕ್ಷಿಸುವ ಈ ಏರ್ಪಾಡಿನಿಂದಲೇ ತಪ್ಪು ಪ್ರೋಟೀನುಗಳು ಒಳನುಗ್ಗುವುದು ಕಡಿಮೆ.

ಒಂದೇ ಆಮ್ಲ ಬದಲಾದರೆ

ಆಕಾರದ ಮಹತ್ವವನ್ನು ಕಾಯಿಲೆಯೊಂದು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಎಜಿಟಿ ಎಂಬ ಕಿಣ್ವ ನಮ್ಮ ಯಕೃತ್ತಿನಲ್ಲಿ ಪೆರಾಕ್ಸಿಸೋಮ್ ಎಂಬ ಇನ್ನೊಂದು ಕೋಶಾಂಗದೊಳಗೆ ಇರಬೇಕು. ಅದರ 11ನೇ ಸ್ಥಾನದಲ್ಲಿರುವುದು ಪ್ರೋಲಿನ್. ಸುರುಳಿಗೆ ಒಗ್ಗದ ಆಮ್ಲವದು. ಕೆಲವರಲ್ಲಿ ಅಲ್ಲಿ ಲ್ಯೂಸಿನ್ ಇರುತ್ತದೆ. ಆಗ ತಲೆಯ ತುದಿ ಎರಡು ಮುಖದ ಸುರುಳಿಯಾಗಬಲ್ಲುದು, ದುರ್ಬಲವಾದ ಮೈಟೊಕಾಂಡ್ರಿಯ ಸಂಕೇತವಾಗಿಬಿಡುತ್ತದೆ. ಅಷ್ಟರಿಂದಲೇ ಕಾಯಿಲೆ ಬರುವುದಿಲ್ಲ. ಜೊತೆಗೆ 170ನೇ ಸ್ಥಾನದ ಗ್ಲೈಸಿನ್ ಆರ್ಜಿನೈನ್ ಆದರೆ ಕಿಣ್ವ ಬೇಗ ಮಡಿಚಿಕೊಳ್ಳುವುದಿಲ್ಲ. ಮಡಿಚದ ಪ್ರೋಟೀನನ್ನು ಮೈಟೊಕಾಂಡ್ರಿಯ ಸುಲಭವಾಗಿ ಎಳೆದುಕೊಳ್ಳುತ್ತದೆ. ಕಿಣ್ವಕ್ಕೆ ಕೆಲಸ ಮಾಡುವ ಶಕ್ತಿಯಿದ್ದರೂ ಇರುವ ಜಾಗ ತಪ್ಪು. ಹಾಗಾಗಿ ಅದು ತಡೆಯಬೇಕಿದ್ದ ಆಕ್ಸಲೇಟ್ ಎಂಬ ವಸ್ತು ದೇಹದಲ್ಲಿ ಹೆಚ್ಚಿ, ಮೂತ್ರಪಿಂಡದಲ್ಲಿ ಕಲ್ಲುಗಳು ಕಟ್ಟಿ, ಕೊನೆಗೆ ಮೂತ್ರಪಿಂಡವೇ ಸೋಲಬಹುದು. ಈ ಬಗೆಯ ಬದಲಾವಣೆ ಇರುವ ಅನೇಕ ರೋಗಿಗಳಿಗೆ ವಿಟಮಿನ್ ಬಿ6 ಚಿಕಿತ್ಸೆಯಿಂದ ಪ್ರಯೋಜನವಾಗುತ್ತದೆ.

ಜೀವವಿಜ್ಞಾನ ಓದುವ ವಿದ್ಯಾರ್ಥಿಗಳು ಪ್ರೋಟೀನಿನ ಕೆಲಸವನ್ನು ಕಲಿಯುವಾಗಲೇ ಅದು ತನ್ನ ಜಾಗ ಸೇರುವ ಬಗೆಯನ್ನೂ ಕಲಿಯಬೇಕು. ಕಿಣ್ವ ಎಷ್ಟೇ ಸಮರ್ಥವಾಗಿರಲಿ, ಸರಿಯಾದ ಜಾಗದಲ್ಲಿಲ್ಲದಿದ್ದರೆ ದೇಹಕ್ಕೆ ಅದರಿಂದ ಉಪಯೋಗವಿಲ್ಲ.