ಶ್ವಾಸಕೋಶ ಕಸಿಯ ನಂತರದ ತೊಂದರೆಗಳು ಮತ್ತು ಅಂಗವಿಕಲತೆ ಪ್ರಮಾಣಪತ್ರ

ಬೇಲೂರು ತಾಲ್ಲೂಕು ಮಾದಿಹಳ್ಳಿ ಹೋಬಳಿಯ ಅರ್ಜಿದಾರರ ಮಾಹಿತಿಗಾಗಿ ಈ ವಿವರಣೆ ನೀಡಲಾಗಿದೆ.

2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ ಅನುಸೂಚಿಯಲ್ಲಿರುವ 21 ಬಗೆಯ ವಿಕಲತೆಗಳಲ್ಲಿ ಶ್ವಾಸಕೋಶದ ಕಾಯಿಲೆಯಾಗಲಿ ಕಸಿಯಾಗಲಿ ಸೇರಿರುವುದಿಲ್ಲ. ಕಸಿಯಾದ ಅಂಗವನ್ನು ದೇಹವು ಕ್ರಮೇಣ ತಿರಸ್ಕರಿಸಿ ಉಸಿರಾಟ ಕುಂದಿದವರಿಗೆ ಇದು ಕಠಿಣವೆನಿಸುವುದು ಸಹಜ. ಆದರೂ ಅದೊಂದೇ ಕಾರಣಕ್ಕೆ ಪ್ರಮಾಣಪತ್ರ ನೀಡಲು ಅವಕಾಶವಿಲ್ಲ.

ಆದರೆ ತಿರಸ್ಕಾರವನ್ನು ತಡೆಯಲು ದೀರ್ಘಕಾಲ ಸೇವಿಸುವ ಸ್ಟೀರಾಯ್ಡ್‌ನಿಂದ ಕೆಲವರಲ್ಲಿ ಸೊಂಟದ ಕೀಲಿನ ಮೂಳೆಗೆ ರಕ್ತಸಂಚಾರ ನಿಂತು ಅದು ಕುಸಿಯುತ್ತದೆ, ನಡಿಗೆ ಕುಂಠಿತವಾಗುತ್ತದೆ. ಇದು ಚಲನವಲನ ವಿಕಲತೆ. ಅಂಥವರು ಯುಡಿಐಡಿ ಜಾಲತಾಣದಲ್ಲಿ ಈ ಕಾರಣವನ್ನೇ ನಮೂದಿಸಿ ಅರ್ಜಿ ಸಲ್ಲಿಸತಕ್ಕದ್ದು. ಬಹುತೇಕ ಸೌಲಭ್ಯಗಳಿಗೆ ಕನಿಷ್ಠ ಶೇ. 40 ವಿಕಲತೆ ಅಗತ್ಯ.

ತಪಾಸಣೆಗೆ ಕಸಿಯ ದಾಖಲೆಗಳೊಂದಿಗೆ ಕೀಲಿನ ಎಕ್ಸ್‌-ರೇ ಅಥವಾ ಎಂ.ಆರ್‌.ಐ. ವರದಿಯನ್ನೂ ತರುವುದು. ಸೋಂಕಿನ ಭಯವಿರುವುದರಿಂದ ಮುಖಗವಸು ಧರಿಸಿ ಬರುವುದು. ಪ್ರಯಾಣದ ನೆಪದಲ್ಲಿ ಅಂದಿನ ಔಷಧಿಯನ್ನು ತಪ್ಪಿಸಬಾರದು.