ಸಣ್ಣ ತಳಿಯ ನಾಯಿಮರಿಗೆ ತಕ್ಕ ಆಹಾರ

ಮಾನ್ಯ ಗ್ರಾಮ ಪಂಚಾಯಿತಿ ಸದಸ್ಯರೇ,

ಕುರಿಹಟ್ಟಿಯ ಕಾವಲುನಾಯಿಗಳನ್ನು ಸಾಕಿ ಬಲ್ಲ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಮನೆಗಳಲ್ಲಿ ಈಗ ಪಮೇರಿಯನ್‌ನಂತಹ ಸಣ್ಣ ತಳಿಯ ಮರಿಗಳೂ ಇವೆ. ಇವಕ್ಕೆ ದೊಡ್ಡ ನಾಯಿಯಂತೆ ಎರಡು ಹೊತ್ತು ರೊಟ್ಟಿ-ಹಾಲು ಹಾಕಿದರೆ ಸಾಲದು. ಮರಿಯ ಹೊಟ್ಟೆ ಕಿರಿದು. ಮೈತೂಕಕ್ಕೆ ಹೋಲಿಸಿದರೆ ಬೇಕಾಗುವ ಶಕ್ತಿ ಹೆಚ್ಚು. ಹೊತ್ತು ಮೀರಿ ಹಸಿದರೆ ರಕ್ತದ ಸಕ್ಕರೆ ಅಂಶ ಕುಸಿದು, ಮರಿ ನಡುಗಿ, ತೂರಾಡಿ, ಪ್ರಾಣವನ್ನೇ ಬಿಡಬಹುದು.

ಆದುದರಿಂದ 3 ತಿಂಗಳವರೆಗೆ ದಿನಕ್ಕೆ 4 ಬಾರಿ, 6 ತಿಂಗಳವರೆಗೆ 3 ಬಾರಿ ಸ್ವಲ್ಪ ಸ್ವಲ್ಪವೇ ಉಣಿಸಬೇಕು. ಸಿದ್ಧ ಆಹಾರ ಕೊಳ್ಳುವವರು ಪೊಟ್ಟಣದ ಮೇಲೆ ‘ಸ್ಮಾಲ್ ಬ್ರೀಡ್ ಪಪ್ಪಿ’ ಎಂದಿರುವುದನ್ನೂ ಅವಧಿ ಮುಗಿಯುವ ದಿನಾಂಕವನ್ನೂ ನೋಡತಕ್ಕದ್ದು. ಮನೆಯೂಟವಾದರೆ ಮೆತ್ತನೆಯ ಅನ್ನದೊಡನೆ ಬೇಯಿಸಿದ ಮೊಟ್ಟೆ ಅಥವಾ ಮೂಳೆ ತೆಗೆದ ಕೋಳಿಮಾಂಸವಿರಲಿ; ಸುಣ್ಣದ ಅಂಶ ಮೊದಲಾದ ಪೂರಕಗಳನ್ನು ಪಶುವೈದ್ಯರ ಸಲಹೆಯಂತೆ ಸೇರಿಸಬೇಕು. ಹಸುವಿನ ಹಾಲಿನಿಂದ ಹಲವು ಮರಿಗಳಿಗೆ ಭೇದಿಯಾಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ.

ಮರಿ ಊಟ ಬಿಟ್ಟರೆ ಅಂದೇ ಪಶು ಚಿಕಿತ್ಸಾಲಯಕ್ಕೆ ಒಯ್ಯಬೇಕು. ಜಂತುನಾಶಕ ಕೊಡಿಸಿ, 3 ತಿಂಗಳು ತುಂಬಿದೊಡನೆ ರೇಬೀಸ್ ಲಸಿಕೆ ಹಾಕಿಸುವುದು ಮನೆಮಂದಿಯ ರಕ್ಷಣೆಗೂ ಅಗತ್ಯ. ಈ ವಿಷಯವನ್ನು ಸದಸ್ಯರು ಗ್ರಾಮಸಭೆಯಲ್ಲಿ ತಿಳಿಯಪಡಿಸಬೇಕೆಂದು ಕೋರಿದೆ.

— ಪಂಚಾಯಿತಿ ಅಭಿವೃದ್ಧಿ ಅಧಿಕಾರಿ