ಹೆಸರು ಗೆರೆ ದಾಟದಂತೆ ಬರೆಯುವುದು ಹೇಗೆ?

 

ನಮ್ಮ ತಂಡ ಬಳ್ಳಾರಿಗೆ ಖೋ ಖೋ ಆಡಲು ಹೋಗಿದ್ದು ನಿಮಗೆಲ್ಲಾ ಗೊತ್ತೇ ಇದೆ. ಆಮೇಲೆ ಪ್ರಮಾಣಪತ್ರಗಳು ಬಂದವು. ಸಣ್ಣ ಹೆಸರಿನವರದ್ದು ಚೆನ್ನಾಗಿಯೇ ಇತ್ತು. ನನ್ನ ಹೆಸರು ಉದ್ದ. ಕೊನೆಯ ಅಕ್ಷರ ಬಣ್ಣದ ಗೆರೆ ದಾಟಿ ಅರ್ಧ ಕಾಣದಂಗಾಗಿತ್ತು. ನಮ್ಮಜ್ಜಿ ಅದನ್ನು ನೋಡಿ, "ಪೂರಾ ಓಡಿ ಗೆದ್ದಾಕಿ ನೀನು, ಹೆಸ್ರು ಯಾಕ ಅರ್ಧ ಬರ್ದಾರ?" ಅಂದಳು. ನನಗೆ ಅಳುವೇ ಬಂತು.

ಬಳ್ಳಾರಿಯಲ್ಲಿ ಡಿ.ಟಿ.ಪಿ. ಕೆಲಸ ಮಾಡುವ ನಮ್ಮ ದೊಡ್ಡಪ್ಪನ ಮಗ ಹಬ್ಬಕ್ಕೆ ಬಂದಾಗ ಕೇಳಿದೆ. ಅಣ್ಣ ಹೇಳಿದ್ದನ್ನು ನಿಮಗೂ ತಿಳಿಸುತ್ತೇನೆ.

ಇಂಥ ಪತ್ರಗಳನ್ನು ಒಂದೊಂದಾಗಿ ಟೈಪ್ ಮಾಡುವುದಿಲ್ಲ. ಹೆಸರಿನ ಪಟ್ಟಿ ಕೊಟ್ಟರೆ ಪ್ರೋಗ್ರಾಂ ತಾನೇ ಒಂದೊಂದು ಪಿ.ಡಿ.ಎಫ್. ಪುಟ ಮಾಡುತ್ತದೆ. ಪಿ.ಡಿ.ಎಫ್. ಅನ್ನು ಅಡೋಬಿ ಕಂಪನಿ 1993ರಲ್ಲಿ ತಂದಿತು. ಅದರ ಪುಟಕ್ಕೆ "ನಡುವೆ ಬರೆ" ಎಂಬ ಆಜ್ಞೆಯೇ ಇಲ್ಲ! ಎಡದಿಂದ ಇಷ್ಟು ದೂರ, ಕೆಳಗಿನಿಂದ ಇಷ್ಟು ಎತ್ತರ, ಅಲ್ಲಿಂದ ಶುರು ಮಾಡು ಎಂದಷ್ಟೇ ಹೇಳಬಹುದು. ನಮ್ಮ ಪತ್ರಗಳಲ್ಲಿ ಎಲ್ಲರ ಹೆಸರೂ ಒಂದೇ ಜಾಗದಿಂದ ಶುರುವಾಗಿತ್ತು. ಅದಕ್ಕೇ ಉದ್ದದ ಹೆಸರು ಗೆರೆ ದಾಟಿತು.

"ಹಾಗಾದ್ರೆ ಅಕ್ಷರ ಎಣಿಸಿದ್ರೆ ಆಯ್ತಲ್ಲಣ್ಣ?" ಅಂದೆ. ಅಣ್ಣ ನಕ್ಕು, "ಭತ್ತದ ಚೀಲ ಎಣಿಸಿದ್ರೆ ತೂಕ ತಿಳೀತೈತೇನು?" ಅಂದ. ಹೌದಲ್ಲವೇ! ಒಂದೊಂದು ಅಕ್ಷರದ ಅಗಲ ಒಂದೊಂದು. ಅಕ್ಷರದ ಗಾತ್ರವನ್ನು 1000 ಪಾಲು ಮಾಡಿ, ಯಾವ ಅಕ್ಷರಕ್ಕೆ ಎಷ್ಟು ಪಾಲು ಅಗಲ ಎಂದು ಫಾಂಟಿನೊಳಗೇ ಬರೆದಿರುತ್ತಾರೆ. ಹೆಲ್ವೆಟಿಕಾ ಎಂಬ ಇಂಗ್ಲಿಷ್ ಫಾಂಟಿನಲ್ಲಿ ಚಿಕ್ಕ 'ಐ' 222, ಚಿಕ್ಕ 'ಎಂ' 833. ಆದರೆ 0ಯಿಂದ 9ರವರೆಗೆ ಎಲ್ಲ ಅಂಕಿಗೂ 556. ಅಂಕಪಟ್ಟಿಯಲ್ಲಿ ಬಿಡಿ, ಹತ್ತು, ನೂರು ಒಂದರ ಕೆಳಗೊಂದು ಬರಲಿ ಅಂತ.

ಈಗ ಲೆಕ್ಕ ನೋಡಿ. ಪಿ.ಡಿ.ಎಫ್. ಅಳತೆ ಪಾಯಿಂಟಿನಲ್ಲಿ. 72 ಪಾಯಿಂಟ್ ಅಂದರೆ 1 ಇಂಚು. ಎ4 ಹಾಳೆಯ ಅಗಲ ಸುಮಾರು 595 ಪಾಯಿಂಟ್.

1. ಹೆಸರಿನ ಅಕ್ಷರಗಳ ಅಗಲ ಕೂಡಿಸಿ. 5000 ಬಂತು ಅನ್ನಿ.
2. ಅಕ್ಷರದ ಗಾತ್ರ 24 ಆದರೆ, 5000 × 24 ÷ 1000 = 120 ಪಾಯಿಂಟ್.
3. ನಡುವೆ ಬರಲು (595 − 120) ÷ 2 = 237.5. ಎಡದಿಂದ ಅಷ್ಟು ಬಿಟ್ಟು ಶುರು ಮಾಡಬೇಕು.
4. ಬಲಕ್ಕೆ ಒತ್ತಿ ಬರಬೇಕೇ? ಬಲಗಡೆಯ ಗೆರೆ ಎಲ್ಲಿದೆಯೋ ಅದರಲ್ಲಿ 120 ಕಳೆಯಿರಿ.
5. ಜಾಗ 300, ಹೆಸರು 360 ಆದರೆ? ಗಾತ್ರ ಇಳಿಸಿ: 24 × 300 ÷ 360 = 20. ಹೆಸರು ಪೂರಾ ಕೂರುತ್ತದೆ.

ನಮ್ಮ ಕನ್ನಡಕ್ಕೆ ಇನ್ನೊಂದು ಕೆಲಸ ಹೆಚ್ಚು. 'ಸಿರುಗುಪ್ಪ' ನಮ್ಮ ಕಣ್ಣಿಗೆ 4 ಅಕ್ಷರ. ಕಂಪ್ಯೂಟರಿನೊಳಗೆ ಯೂನಿಕೋಡ್‌ನಲ್ಲಿ 9 ಸಂಕೇತ: ಸ, ಗುಡಿಸು, ರ, ಕೊಂಬು, ಗ, ಕೊಂಬು, ಪ, ಅರ್ಧಾಕ್ಷರದ ಗುರುತು, ಮತ್ತೆ ಪ. 'ಕುರುಗೋಡು' ಕೂಡ 4 ಅಕ್ಷರ, ಸಂಕೇತ 8. 'ಬಳ್ಳಾರಿ' 3 ಅಕ್ಷರ, ಸಂಕೇತ 7. ಮೂರನ್ನೂ ನಾನು ಒಂದೇ ಪೆನ್ನಿನಿಂದ ಬರೆದು ಸ್ಕೇಲಿನಲ್ಲಿ ಅಳೆದೆ. 9 ಸಂಕೇತದ ಸಿರುಗುಪ್ಪಕ್ಕಿಂತ 8ರ ಕುರುಗೋಡೇ ಅಗಲ! ಗುಡಿಸು ಸಕಾರದ ತಲೆ ಮೇಲೆ ಕೂರುತ್ತದೆ, ಒತ್ತು ಕೆಳಗೆ ಇಳಿಯುತ್ತದೆ, ಆದರೆ ಕೊಂಬು ಪಕ್ಕಕ್ಕೆ ಚಾಚುತ್ತದೆ. ಆದ್ದರಿಂದ ಮೊದಲು ಸಂಕೇತಗಳನ್ನು ಜೋಡಿಸಿ ಅಕ್ಷರದ ರೂಪ ಮಾಡಿಕೊಳ್ಳಬೇಕು, ಆಮೇಲೆ ಅಳೆಯಬೇಕು. ಈ ಜೋಡಣೆಗೆ ಹಾರ್ಫ್‌ಬಝ್ ಎಂಬ ಉಚಿತ ತಂತ್ರಾಂಶ ಇದೆ.

ನಮ್ಮ ಗೋಡೆಪತ್ರಿಕೆಗೂ ಇದೇ ಉಪಾಯ ನಡೆಯುತ್ತದೆ. ಶೀರ್ಷಿಕೆಯನ್ನು ಮೊದಲು ರದ್ದಿ ಕಾಗದದ ಪಟ್ಟಿಯಲ್ಲಿ ಬರೆಯಿರಿ. ಮಾತು ಮುಗಿದಲ್ಲಿಗೆ ಪಟ್ಟಿ ಕತ್ತರಿಸಿ ಎರಡಾಗಿ ಮಡಚಿ. ಆ ಮಡಿಕೆಯನ್ನು ಹಾಳೆಯ ನಡುವಿಗೆ ಇಟ್ಟರೆ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯುತ್ತದೆ. ಮೇಲಿನ ಶೀರ್ಷಿಕೆ ಬರೆದದ್ದು ಹಾಗೆಯೇ. ಬೇಕಿದ್ದರೆ ಸ್ಕೇಲ್ ತಂದು ಅಳೆದು ನೋಡಿ!

ಇನ್ನು ಮುಂದೆ ಯಾವ ಪತ್ರ ಬಂದರೂ ಎಲ್ಲಕ್ಕಿಂತ ಉದ್ದದ ಹೆಸರನ್ನು ಮೊದಲು ಒಂದು ಪ್ರಿಂಟ್ ತೆಗೆದು ನೋಡಬೇಕೆಂದು ನಮ್ಮ ಸರ್‌ಗೆ ಕೇಳಿಕೊಂಡಿದ್ದೇನೆ. ನಮ್ಮ ತರಗತಿಯಲ್ಲಿ ಅದು ನನ್ನದೇ ಹೆಸರು.